ಟೆಂಡರ್ ಮುಗಿದ ಕೂಡಲೇ ಸರ್ವರ್ ಇಳಿಯುತ್ತದೆ, ರೈತರ ಪಟ್ಟಿ ಅರ್ಧಕ್ಕೇ ನಿಲ್ಲುತ್ತದೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಅಡಿಕೆ ಟೆಂಡರಿಗೆ ಆನ್‌ಲೈನ್ ವ್ಯವಸ್ಥೆ ನಡೆಸುವವರು, ಅದನ್ನು ಕಟ್ಟಿಕೊಡುವ ಹುಡುಗರು ಇದನ್ನು ದಯವಿಟ್ಟು ಪೂರ್ತಿ ಓದಿ. ಈ ಭಾಗದ ಒಂದು ವಹಿವಾಟು ವ್ಯವಸ್ಥೆಯಲ್ಲಿ ಹಂಗಾಮಿನ ನಡುವೆ ಆದ ಎಡವಟ್ಟು ಇದು. ಕೆಲವು ರೈತರಿಗೆ ಒಂದೇ ಲಾಟಿಗೆ (ಟೆಂಡರಿಗೆ ಇಟ್ಟ ಒಂದು ಗುಡ್ಡೆ ಮಾಲು) ಎರಡು ಪಟ್ಟಿ (ಮಾರಾಟದ ಲೆಕ್ಕದ ಚೀಟಿ) ಬಂತು, ಎರಡಕ್ಕೂ ಬೇರೆ ಬೇರೆ ನಂಬರ್. ಇನ್ನು ಕೆಲವರದ್ದು ತೂಕ ಆಗಿದೆ, ದರ ನಿಂತಿದೆ, ವ್ಯಾಪಾರಿ ಮಾಲು ಎತ್ತಿಯೂ ಆಗಿದೆ, ಆದರೆ ಪಟ್ಟಿಯೂ ಇಲ್ಲ, ಮೊಬೈಲಿಗೆ ಮೆಸೇಜೂ ಇಲ್ಲ. ಬೈಸಿಕೊಂಡವರು ಕೌಂಟರಿನಲ್ಲಿ ಕೂತಿದ್ದ ಗುಮಾಸ್ತರು. ಅವರದ್ದು ಒಂದಿಷ್ಟೂ ತಪ್ಪಿರಲಿಲ್ಲ. ತಪ್ಪು ಇದ್ದದ್ದು ಸರ್ವರ್‌ಗಳನ್ನು ಹೊರೆ ನೋಡಿ ತಾನಾಗಿ ಏರಿಸಿ ಇಳಿಸುವ (ಸಂಖ್ಯೆ ಹೆಚ್ಚು ಕಡಿಮೆ ಮಾಡುವ) ವ್ಯವಸ್ಥೆ ಹೂಡಿದ ರೀತಿಯಲ್ಲಿ. ಏರಿಸುವುದನ್ನು ಚೆನ್ನಾಗಿ ಪರೀಕ್ಷೆ ಮಾಡಿದ್ದರು. ಇಳಿಸುವುದನ್ನು ಯಾರೂ ನೋಡಿರಲಿಲ್ಲ.

ಆದದ್ದು ಹೀಗೆ. ಟೆಂಡರ್ ಗಡುವು ಹತ್ತಿರ ಬಂದಂತೆ ವ್ಯಾಪಾರಿಗಳು ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟಿಗೆ ದರ ಹಾಕಲು ಒಟ್ಟಿಗೇ ಮುಗಿಬೀಳುತ್ತಾರೆ. ಸಿಪಿಯು ಬಳಕೆ ಏರುತ್ತದೆ, ಅಮೆಜಾನ್ ಕ್ಲೌಡಿನ ಆಟೋ ಸ್ಕೇಲಿಂಗ್ ಗುಂಪು ಹೊಸ ಸರ್ವರ್ ಎಬ್ಬಿಸುತ್ತದೆ. ಅಲ್ಲಿಗೆ ಎಲ್ಲ ಸರಿ. ಗಡುವು ಮುಗಿದ ಕೂಡಲೇ ವ್ಯಾಪಾರಿಗಳು ಆ್ಯಪ್ ಮುಚ್ಚುತ್ತಾರೆ, ಸಿಪಿಯು ಬಿದ್ದುಹೋಗುತ್ತದೆ. ನಿಜವಾದ ಕೆಲಸ ಶುರುವಾಗುವುದು ಆಗಲೇ. ಪ್ರತಿ ಲಾಟಿನ ಹೆಚ್ಚಿನ ದರ ಆರಿಸಿ, ಕಮಿಷನ್ ಮುರಿದು, ಪಟ್ಟಿಯ ಪಿಡಿಎಫ್ ಮಾಡಿ, ಎಸ್ಸೆಮ್ಮೆಸ್ ಕಳಿಸುವ ಕೆಲಸ ಅದು. ಇದರ ಬಹುಪಾಲು ಹೊತ್ತು ಹೋಗುವುದು ಎಸ್ಸೆಮ್ಮೆಸ್ ಗೇಟ್‌ವೇ, ಡೇಟಾಬೇಸು ಉತ್ತರ ಕೊಡಲಿ ಎಂದು ಕಾಯುವುದರಲ್ಲಿ. ಕಾಯುವ ಸರ್ವರಿನ ಸಿಪಿಯು ಏಳುವುದಿಲ್ಲ. ಹಾಗಾಗಿ ಕೈತುಂಬ ಕೆಲಸ ಇರುವ ಸರ್ವರು ಹೊರಗಿನಿಂದ ನೋಡಿದರೆ ಖಾಲಿ ಕೂತಂತೆ ಕಾಣುತ್ತದೆ.

ಟಾರ್ಗೆಟ್ ಟ್ರ್ಯಾಕಿಂಗ್ (ಸಿಪಿಯು ಬಳಕೆ ಒಂದು ಗುರಿಯ ಮಟ್ಟದಲ್ಲಿರುವಂತೆ ಸರ್ವರ್ ಸಂಖ್ಯೆ ಹೊಂದಿಸುವ) ನೀತಿಯಲ್ಲಿ ಸರ್ವರ್ ಏರಿಸಲು ಸಾಮಾನ್ಯವಾಗಿ 3 ನಿಮಿಷದ ಅಳತೆ ಸಾಕು. ಇಳಿಸಲು 15 ನಿಮಿಷ ಸತತವಾಗಿ ಕಡಿಮೆ ಇರಬೇಕು. ಅಂದರೆ ಟೆಂಡರ್ ಮುಗಿದು ಕಾಲು ಗಂಟೆಗೆ, ಪಟ್ಟಿ ಕೆಲಸ ಭರದಿಂದ ನಡೆಯುವ ಹೊತ್ತಿಗೇ, ಇಳಿಸುವ ಅಪ್ಪಣೆ ಬರುತ್ತದೆ. ಯಾವ ಸರ್ವರ್ ಹೋಗಬೇಕು ಎಂದು ಆರಿಸುವಾಗ ಅದು ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಡಿಫಾಲ್ಟ್ ನೀತಿ ನೋಡುವುದು ಯಾವ ವಲಯದಲ್ಲಿ (ಡೇಟಾ ಸೆಂಟರ್) ಸರ್ವರ್ ಜಾಸ್ತಿ ಇದೆ, ಯಾವುದು ಹಳೆಯ ಟೆಂಪ್ಲೇಟಿನದ್ದು, ಯಾವುದು ಮುಂದಿನ ಬಿಲ್ಲಿಂಗ್ ಗಂಟೆಗೆ ಹತ್ತಿರ ಇದೆ, ಇಷ್ಟೇ.

ಸರ್ವರ್ ಮುಚ್ಚುವಾಗ ಸಿಸ್ಟಮ್‌ಡಿ (ಲಿನಕ್ಸಿನಲ್ಲಿ ಸರ್ವಿಸುಗಳನ್ನು ಶುರು ಮಾಡಿ ನಿಲ್ಲಿಸುವ ಭಾಗ) ತನ್ನ ಸರ್ವಿಸನ್ನು ನಿಲ್ಲಿಸಲು ಹೋಗಿ ಡಾಕರ್ ಸ್ಟಾಪ್ ಕೊಟ್ಟಿತು. ಡಾಕರ್ ಕಂಟೇನರಿಗೆ (ಆ್ಯಪ್ ಓಡುವ ಡಬ್ಬಿ) ಸಿಗ್‌ಟರ್ಮ್ (‘ಮುಚ್ಚು’ ಎಂಬ ಸಿಗ್ನಲ್) ಕಳಿಸಿತು. ಕಂಟೇನರಿನ ಒಳಗೆ ಮೊದಲ ಪ್ರಾಸೆಸ್ ಆಗಿ ಕೂತಿದ್ದದ್ದು ಆ್ಯಪ್ ಅಲ್ಲ, ಅದನ್ನು ಶುರು ಮಾಡಿದ ಶೆಲ್ ಸ್ಕ್ರಿಪ್ಟ್. ಶೆಲ್ ಆ ಸಿಗ್ನಲನ್ನು ಮಗು ಪ್ರಾಸೆಸಿಗೆ ದಾಟಿಸುವುದಿಲ್ಲ. ಆ್ಯಪ್‌ಗೆ ಸುದ್ದಿಯೇ ಮುಟ್ಟಲಿಲ್ಲ. 10 ಸೆಕೆಂಡ್ ಕಳೆದ ಮೇಲೆ ಬಲವಂತವಾಗಿ ಕೊಲ್ಲುವ ಸಿಗ್ನಲ್ ಆದ ಸಿಗ್‌ಕಿಲ್ ಬಂತು, ಎಲ್ಲ ಅಲ್ಲೇ ನಿಂತಿತು.

ಎರಡು ಪಟ್ಟಿ ಏಕೆ ಬಂತು? ವರ್ಕರ್ (ಹಿನ್ನೆಲೆಯಲ್ಲಿ ಪಟ್ಟಿ ಕೆಲಸ ಮಾಡುವ ಪ್ರೋಗ್ರಾಂ) ಕ್ಯೂವಿನಿಂದ (ಬಾಕಿ ಕೆಲಸಗಳ ಸಾಲು) ಲಾಟಿನ ಸಂದೇಶ ಎತ್ತಿಕೊಂಡು, ಪಟ್ಟಿ ಬರೆದು, ಮೆಸೇಜ್ ಕಳಿಸಿ, ಕೊನೆಗೆ ಕ್ಯೂವಿನಿಂದ ಸಂದೇಶ ಅಳಿಸಬೇಕು. ಮೆಸೇಜ್ ಹೋದ ಮೇಲೆ, ಅಳಿಸುವ ಮುಂಚೆ ಸತ್ತರೆ ಆ ಸಂದೇಶ, ಅದನ್ನು ಬೇರೆ ವರ್ಕರ್‌ಗಳ ಕಣ್ಣಿಂದ ಮರೆಮಾಡುವ ಅವಧಿಯಾದ ವಿಸಿಬಿಲಿಟಿ ಟೈಮ್‌ಔಟ್ ಮುಗಿದ ಮೇಲೆ ಮತ್ತೆ ಮೇಲೆ ಬರುತ್ತದೆ. ಎಸ್‌ಕ್ಯೂಎಸ್‌ನಲ್ಲಿ (ಅಮೆಜಾನಿನ ಕ್ಯೂ ಸೇವೆ) ಅದು ಮೊದಲಿಂದ ಇರುವುದು 30 ಸೆಕೆಂಡ್. ಇನ್ನೊಂದು ವರ್ಕರ್ ಅದನ್ನೇ ಎತ್ತಿ ಹೊಸ ನಂಬರಿನ ಪಟ್ಟಿ ಬರೆಯುತ್ತದೆ. ಪಟ್ಟಿಯೇ ಬಾರದವರ ಕಥೆ ಇದಕ್ಕೆ ಉಲ್ಟಾ. ಅವರ ಲಾಟಿನ ಎದುರು ಡೇಟಾಬೇಸಿನಲ್ಲಿ ‘ನಡೆಯುತ್ತಿದೆ’ ಎಂಬ ಗುರುತು ಬಿದ್ದ ಮೇಲೆ, ಪಟ್ಟಿ ಬರೆಯುವ ಮುಂಚೆ ಸರ್ವರ್ ಹೋಯಿತು. ಮುಂದಿನ ವರ್ಕರ್ ಗುರುತು ನೋಡಿ, ಬೇರೆ ಯಾರೋ ಮಾಡುತ್ತಿದ್ದಾರೆ ಎಂದು ಬಿಟ್ಟು ಮುಂದೆ ಹೋಯಿತು. ಆ ಗುರುತು ತೆಗೆಯುವವರು ಯಾರೂ ಉಳಿದಿರಲಿಲ್ಲ.

ಈಗ ಏನು ನೋಡಬೇಕು ಎಂಬುದು.

ಎಲ್ಲಕ್ಕಿಂತ ಮೊದಲು, ಸಿಗ್ನಲ್ ಆ್ಯಪ್‌ಗೆ ಮುಟ್ಟುತ್ತದೆಯೇ ನೋಡಿ. ಇದಕ್ಕೆ ಐದು ನಿಮಿಷ ಸಾಕು. ಪರೀಕ್ಷೆಯ ಸರ್ವರಿನಲ್ಲಿ ಕಂಟೇನರ್ ಓಡಿಸಿ, ಡಾಕರ್ ಸ್ಟಾಪ್ ಕೊಟ್ಟು ಗಡಿಯಾರ ನೋಡಿ. ಕೈಯಲ್ಲಿ ಕೆಲಸ ಇಲ್ಲದ ಕಂಟೇನರು ಒಂದೆರಡು ಸೆಕೆಂಡಿನಲ್ಲಿ ನಿಲ್ಲಬೇಕು. ಸರಿಯಾಗಿ 10 ಸೆಕೆಂಡ್ ಹಿಡಿಯಿತು, ಎಕ್ಸಿಟ್ ಕೋಡ್ 137 ಬಂತು ಎಂದಾದರೆ ಅದು ಸಿಗ್‌ಕಿಲ್‌ನಿಂದ ಸತ್ತದ್ದು. 143 ಬಂದರೆ ಸಿಗ್‌ಟರ್ಮ್ ಮುಟ್ಟಿದೆ, ಆದರೆ ಆ್ಯಪ್‌ನಲ್ಲಿ ಅದನ್ನು ಹಿಡಿಯುವ ಕೋಡ್ ಬಹುಶಃ ಇಲ್ಲ. 0 ಬಂದರೆ ಆ್ಯಪ್ ತಾನಾಗಿ ಮುಗಿಸಿ ಹೊರಬಂದಿದೆ. ಸರಿ ಮಾಡುವುದೂ ಕಷ್ಟವಲ್ಲ. ಡಾಕರ್‌ಫೈಲಿನ ಕೊನೆಯ ಆಜ್ಞೆಯನ್ನು ಚೌಕ ಆವರಣದ ಪಟ್ಟಿ ರೂಪದಲ್ಲಿ ಬರೆಯಿರಿ, ಅಥವಾ ಶುರು ಮಾಡುವ ಸ್ಕ್ರಿಪ್ಟಿನ ಕೊನೆಯ ಸಾಲಿನ ಮುಂದೆ ಎಕ್ಸೆಕ್ ಸೇರಿಸಿ. ಆಗ ಶೆಲ್‌ನ ಜಾಗಕ್ಕೆ ಆ್ಯಪ್ ತಾನೇ ಬರುತ್ತದೆ. ಮುಂದೆ ಎನ್‌ಜಿನ್‌ಎಕ್ಸ್ (ವೆಬ್ ಸರ್ವರ್ ತಂತ್ರಾಂಶ) ಇಟ್ಟುಕೊಂಡವರು ಇನ್ನೊಂದು ನೆನಪಿಡಿ: ಅದಕ್ಕೆ ಸಿಗ್‌ಟರ್ಮ್ ಅಂದರೆ ಬೇಗ ಮುಚ್ಚು ಎಂದೇ ಅರ್ಥ. ಕೈಲಿರುವುದನ್ನು ಮುಗಿಸಿ ಮುಚ್ಚಬೇಕಾದರೆ ಸಿಗ್‌ಕ್ವಿಟ್ ಕೊಡಬೇಕು.

ಸಿಗ್ನಲ್ ಮುಟ್ಟಿದ ಮೇಲೆ ಆ್ಯಪ್ ಏನು ಮಾಡಬೇಕು ಎಂಬಲ್ಲಿ ಕ್ರಮ ಮುಖ್ಯ. ವರ್ಕರ್ ಮೊದಲು ಹೊಸ ಸಂದೇಶ ಎತ್ತುವುದನ್ನು ನಿಲ್ಲಿಸಬೇಕು. ಕೈಯಲ್ಲಿರುವ ಒಂದನ್ನು ಮುಗಿಸಿ ಅಳಿಸಬೇಕು. ಎತ್ತಿಟ್ಟುಕೊಂಡು ಇನ್ನೂ ಮುಟ್ಟದ ಸಂದೇಶಗಳ ವಿಸಿಬಿಲಿಟಿಯನ್ನು 0 ಮಾಡಿ ಕ್ಯೂವಿಗೆ ವಾಪಸ್ ಬಿಡಬೇಕು. ಕೊನೆಗೆ ಡೇಟಾಬೇಸ್ ಸಂಪರ್ಕ ಮುಚ್ಚಬೇಕು. ಡೇಟಾಬೇಸನ್ನು ಮೊದಲೇ ಮುಚ್ಚಿದ ಕೋಡ್ ಎಷ್ಟೋ ಕಡೆ ಇರುತ್ತದೆ. ಅಲ್ಲಿ ಕೈಲಿದ್ದ ಕೆಲಸ ಮುಗಿಸಲು ಹೋಗಿ ಎರರ್ ಹೊಡೆಯುತ್ತದೆ. ಎಸ್‌ಕ್ಯೂಎಸ್ ಒಮ್ಮೆಗೆ 10 ಸಂದೇಶದ ತನಕ ಕೊಡುತ್ತದೆ, ಹತ್ತಕ್ಕೂ ಟೈಮ್‌ಔಟ್ ಆ ಕ್ಷಣದಿಂದಲೇ ಓಡಲು ಶುರು. ಒಂದು ಪಟ್ಟಿಗೆ 40 ಸೆಕೆಂಡ್ ಹಿಡಿಯುವಲ್ಲಿ 30 ಸೆಕೆಂಡಿನ ಟೈಮ್‌ಔಟ್ ಇಟ್ಟರೆ ಸರ್ವರ್ ಇಳಿಯದಿದ್ದರೂ ಎರಡು ಪಟ್ಟಿ ಬಂದೇ ಬರುತ್ತದೆ. ಇಂಥ ಕೆಲಸಕ್ಕೆ ಒಂದು ಸಲಕ್ಕೆ ಒಂದೇ ಸಂದೇಶ ಎತ್ತಿ, ಟೈಮ್‌ಔಟ್ 120 ಸೆಕೆಂಡ್ ಇಡಿ.

ಇನ್ನು ಗಡುವುಗಳ ವಿಷಯ. ಹೆಚ್ಚಿನವರು ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ. ಒಂದು ಸರ್ವರ್ ಮುಚ್ಚುವಾಗ ಕನಿಷ್ಠ ನಾಲ್ಕು ಗಡಿಯಾರ ಓಡುತ್ತಿರುತ್ತವೆ, ಅವುಗಳಲ್ಲಿ ಯಾವುದು ಚಿಕ್ಕದೋ ಅದೇ ಗೆಲ್ಲುತ್ತದೆ. ಆ್ಯಪ್‌ನಲ್ಲಿ 60 ಸೆಕೆಂಡ್ ಕಾಯುವಂತೆ ಬರೆದು, ಡಾಕರ್ ಸ್ಟಾಪನ್ನು 10ರಲ್ಲೇ ಬಿಟ್ಟರೆ ಸಿಗುವುದು 10. ಸಿಸ್ಟಮ್‌ಡಿಯದ್ದು ಸಾಮಾನ್ಯವಾಗಿ 90 ಸೆಕೆಂಡ್. ಒಳಗಿನದ್ದು ಚಿಕ್ಕದು, ಹೊರಗಿನದ್ದು ದೊಡ್ಡದು ಇರಬೇಕು. ಒಂದು ಪಟ್ಟಿ ಅತಿ ಹೆಚ್ಚೆಂದರೆ 40 ಸೆಕೆಂಡ್ ಆದರೆ ಆ್ಯಪ್‌ಗೆ 60, ಡಾಕರಿಗೆ 75, ಸಿಸ್ಟಮ್‌ಡಿಗೆ 90, ಲೈಫ್‌ಸೈಕಲ್ ಹುಕ್‌ಗೆ (ಸರ್ವರ್ ಇಳಿಸುವುದನ್ನು ಸ್ವಲ್ಪ ಹೊತ್ತು ತಡೆಹಿಡಿಯುವ ಏರ್ಪಾಡು) 300 ಇಟ್ಟುಕೊಳ್ಳಿ. 40 ಎಂಬುದನ್ನು ಅಂದಾಜಿನ ಮೇಲೆ ಬರೆಯಬೇಡಿ. ಎಸ್ಸೆಮ್ಮೆಸ್ ಗೇಟ್‌ವೇ ಹೈರಾಣಾದ ದಿನದ ಲಾಗ್ ತೆಗೆದು ನೋಡಿ.

ಲೈಫ್‌ಸೈಕಲ್ ಹುಕ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ತುಂಬ ಹಬ್ಬಿದೆ. ಹುಕ್ ಹಾಕಿದರೆ ಆ್ಯಪ್‌ಗೆ ಸಿಗ್ನಲ್ ಬರುತ್ತದೆ ಎಂದುಕೊಳ್ಳುತ್ತಾರೆ. ಬರುವುದಿಲ್ಲ. ಹುಕ್ ಮಾಡುವುದು ಸರ್ವರನ್ನು ‘ಟರ್ಮಿನೇಟಿಂಗ್ ವೇಟ್’ ಸ್ಥಿತಿಯಲ್ಲಿ ಹಿಡಿದಿಡುವುದಷ್ಟೇ. ಆ ಹೊತ್ತಿನಲ್ಲಿ ಸರ್ವರ್ ಮಾಮೂಲಿನಂತೆ ಓಡುತ್ತಲೇ ಇರುತ್ತದೆ, ವರ್ಕರ್ ಖುಷಿಯಾಗಿ ಹೊಸ ಲಾಟು ಎತ್ತುತ್ತಲೇ ಇರುತ್ತದೆ. ಸುದ್ದಿಯನ್ನು ನೀವೇ ಮುಟ್ಟಿಸಬೇಕು. ಸರ್ವರಿನ ಒಳಗಿಂದ 169.254.169.254 ವಿಳಾಸದ ಮೆಟಾಡೇಟಾದಲ್ಲಿ (ಸರ್ವರ್ ತನ್ನ ಬಗ್ಗೆ ತಾನೇ ಕೇಳಿ ತಿಳಿಯುವ ಮಾಹಿತಿ), ಆಟೋ ಸ್ಕೇಲಿಂಗ್ ಅಡಿಯ ‘ಟಾರ್ಗೆಟ್ ಲೈಫ್‌ಸೈಕಲ್ ಸ್ಟೇಟ್’ ಅನ್ನು 5 ಸೆಕೆಂಡಿಗೊಮ್ಮೆ ಓದುವ ಚಿಕ್ಕ ಸ್ಕ್ರಿಪ್ಟ್ ಇಡಿ. ‘ಇನ್‌ಸರ್ವಿಸ್’ ಇದ್ದದ್ದು ‘ಟರ್ಮಿನೇಟೆಡ್’ ಆದ ಕೂಡಲೇ ಸ್ಕ್ರಿಪ್ಟ್ ಸಿಸ್ಟಮ್‌ಡಿ ಮೂಲಕ ವರ್ಕರ್ ನಿಲ್ಲಿಸಿ, ಅದು ಪೂರ್ತಿ ನಿಂತ ಮೇಲೆ ‘ಕಂಪ್ಲೀಟ್ ಲೈಫ್‌ಸೈಕಲ್ ಆ್ಯಕ್ಷನ್’ ಕರೆಯಬೇಕು. ಸ್ಕ್ರಿಪ್ಟನ್ನು ಕಂಟೇನರಿನೊಳಗೆ ಇಡದೆ ಸರ್ವರಿನಲ್ಲೇ ಇಟ್ಟರೆ ಒಳ್ಳೆಯದು. ಹೊಸ ಮಾದರಿಯ ಮೆಟಾಡೇಟಾಕ್ಕೆ ಮೊದಲು ಟೋಕನ್ ಬೇಕು, ಅದರ ಹಾಪ್ ಮಿತಿ (ಉತ್ತರ ಎಷ್ಟು ನೆಟ್‌ವರ್ಕ್ ಹಂತ ದಾಟಬಹುದು ಎಂಬುದು) 1 ಇದ್ದರೆ ಕಂಟೇನರಿನೊಳಗಿಂದ ಕೇಳಿದವರಿಗೆ ಉತ್ತರವೇ ಬರುವುದಿಲ್ಲ.

ಆ ಕೊನೆಯ ಕರೆಗೆ ಸರ್ವರಿನ ರೋಲ್‌ನಲ್ಲಿ ಅನುಮತಿ ಇದೆಯೇ ಎಂದೂ ನೋಡಿ. ಇಲ್ಲದಿದ್ದರೆ ಕೆಲಸ ಮುಗಿದ ಸರ್ವರು ಹುಕ್‌ನ ಗಡುವು ಮುಗಿಯುವ ತನಕ ಸುಮ್ಮನೆ ನಿಂತಿರುತ್ತದೆ. ಅದು ನೀವು ಬದಲಿಸದಿದ್ದರೆ 3600 ಸೆಕೆಂಡ್, ಅಂದರೆ ಒಂದು ಗಂಟೆಯ ಬಾಡಿಗೆ ದಂಡ. ಇಲ್ಲಿ ಹೇಳಿದ 300 ಇಟ್ಟರೂ ಪ್ರತಿ ಸಲ ಐದು ನಿಮಿಷ ಪೋಲು.

ಲೋಡ್ ಬ್ಯಾಲೆನ್ಸರಿನ (ಬರುವ ಕೋರಿಕೆಗಳನ್ನು ಸರ್ವರುಗಳಿಗೆ ಹಂಚುವ ಭಾಗ) ಡಿರಿಜಿಸ್ಟ್ರೇಶನ್ ಡಿಲೇ (ಸರ್ವರನ್ನು ಸಾಲಿನಿಂದ ತೆಗೆಯುವಾಗ ಕಾಯುವ ಹೊತ್ತು) ಇದೆಯಲ್ಲ, 300 ಸೆಕೆಂಡ್ ಕಾಯುತ್ತದಲ್ಲ ಎಂದು ಸಮಾಧಾನ ಮಾಡಿಕೊಳ್ಳುವವರಿದ್ದಾರೆ. ಅದು ಕಾಯುವುದು ತನ್ನ ಮೂಲಕ ಬಂದ ವೆಬ್ ಕೋರಿಕೆಗಳಿಗೆ ಮಾತ್ರ. ಕ್ಯೂವಿನಿಂದ ಕೆಲಸ ಎತ್ತುವ ವರ್ಕರ್ ಅದರ ಕಣ್ಣಿಗೇ ಬೀಳುವುದಿಲ್ಲ. ಹಾಗಂತ ಅದನ್ನು 10, 20ಕ್ಕೆ ಇಳಿಸಲೂ ಹೋಗಬೇಡಿ. ಜೋಯಿಡಾ, ಯಲ್ಲಾಪುರದ ಒಳಹಳ್ಳಿಗಳಲ್ಲಿ ಮಳೆಗಾಲದ ಮೊಬೈಲ್ ಸಿಗ್ನಲ್ ಹೇಗಿರುತ್ತದೆ ಎಂದು ನಿಮಗೇ ಗೊತ್ತು. ಪಹಣಿ ಫೋಟೋ, ಬ್ಯಾಂಕ್ ಪಾಸ್‌ಬುಕ್ ಫೋಟೋ ಏರಿಸಲು ಅಲ್ಲಿನವರಿಗೆ ಒಂದೆರಡು ನಿಮಿಷ ಬೇಕಾಗುತ್ತದೆ. ಬೆಂಗಳೂರಿನಲ್ಲಿ ಕೂತು ಫೈಬರಿನಲ್ಲಿ ಪರೀಕ್ಷೆ ಮಾಡಿ 20 ಸೆಕೆಂಡ್ ಸಾಕು ಎಂದು ಬರೆದರೆ ಅವರ ಅಪ್‌ಲೋಡ್ ಮುಕ್ಕಾಲು ಭಾಗಕ್ಕೆ ಬಂದು ಕಡಿಯುತ್ತದೆ, ಮತ್ತೆ ಮೊದಲಿಂದ. ಇಂಥ ಕಡೆ 120ಕ್ಕಿಂತ ಕೆಳಗೆ ಇಳಿಸಬೇಡಿ.

ದುಡ್ಡು ಉಳಿಯುತ್ತದೆ ಎಂದು ಸ್ಪಾಟ್ ಸರ್ವರ್ (ಕಡಿಮೆ ಬಾಡಿಗೆಗೆ ಸಿಗುವ, ಕ್ಲೌಡಿನವರು ಬೇಕೆಂದಾಗ ಹಿಂತೆಗೆಯುವ ಸರ್ವರ್) ಹಾಕುವವರಿಗೆ: ಅಮೆಜಾನಿನಲ್ಲಿ ಹಿಂತೆಗೆಯುವ ಸೂಚನೆಗೂ ತೆಗೆಯುವುದಕ್ಕೂ ನಡುವೆ 2 ನಿಮಿಷ. ಗೂಗಲ್ ಮತ್ತು ಅಜೂರ್‌ನಲ್ಲಿ 30 ಸೆಕೆಂಡ್. ಹುಕ್ ಹಾಕಿ ಅದನ್ನು ಹಿಗ್ಗಿಸಲು ಆಗುವುದಿಲ್ಲ. ‘ಸ್ಕೇಲ್ ಇನ್ ಪ್ರೊಟೆಕ್ಷನ್’ ಕೂಡ ಇಲ್ಲಿ ಕೆಲಸಕ್ಕೆ ಬಾರದು. ಅದು ಗುಂಪು ತಾನಾಗಿ ಇಳಿಸುವುದನ್ನು ತಡೆಯುತ್ತದೆಯೇ ಹೊರತು ಸ್ಪಾಟ್ ಹಿಂತೆಗೆತ, ಹೆಲ್ತ್ ಚೆಕ್ ಫೇಲ್ ಆಗಿ ಬದಲಿಸುವುದು, ಕೈಯಾರೆ ಮುಚ್ಚುವುದು, ಇವು ಯಾವುದನ್ನೂ ತಡೆಯುವುದಿಲ್ಲ. ದಿನದ ಲೆಕ್ಕ ಹೊಂದಿಸುವಂಥ ಉದ್ದ ಕೆಲಸಕ್ಕೆ ಮಾತ್ರ ಅದನ್ನು ಬಳಸಿ, ಮುಗಿದ ಮೇಲೆ ತೆಗೆಯಲು ಮರೆಯಬೇಡಿ.

ಕುಬರ್ನೆಟೀಸ್ (ಕಂಟೇನರುಗಳನ್ನು ನಿರ್ವಹಿಸುವ ವ್ಯವಸ್ಥೆ) ಬಳಸುವವರಿಗೂ ಇದೇ ಪಾಡು, ಹೆಸರು ಬೇರೆ. ಅಲ್ಲಿ ಗಡುವು ಮೊದಲಿಂದ 30 ಸೆಕೆಂಡ್. ಪಾಡ್‌ಗೆ (ಅಲ್ಲಿ ಕಂಟೇನರ್ ಓಡುವ ಘಟಕ) ಸಿಗ್‌ಟರ್ಮ್ ಹೋಗುವುದು, ಅದರ ವಿಳಾಸವನ್ನು ಸಂಚಾರದಿಂದ ತೆಗೆಯುವುದು ಎರಡೂ ಒಟ್ಟೊಟ್ಟಿಗೇ ನಡೆಯುತ್ತವೆ. ಹಾಗಾಗಿ ಮುಚ್ಚಿದ ಪಾಡ್‌ಗೂ ಕೆಲ ಸೆಕೆಂಡ್ ಕೋರಿಕೆ ಬರುತ್ತಿರುತ್ತದೆ. ಪ್ರಿಸ್ಟಾಪ್‌ನಲ್ಲಿ (ಸಿಗ್‌ಟರ್ಮ್‌ಗೂ ಮುಂಚೆ ಓಡುವ ಹಂತ) 10 ಸೆಕೆಂಡ್ ನಿದ್ದೆ ಹಾಕಿದರೆ ಸರಿಹೋಗುತ್ತದೆ, ಆದರೆ ಆ 10 ಕೂಡ ಅದೇ 30ರೊಳಗೆ ಎಣಿಕೆಯಾಗುತ್ತದೆ. ಮೇಲಿನ ಲೆಕ್ಕಕ್ಕೆ 30 ಸಾಲದು, 90 ಮಾಡಿ.

ಇಷ್ಟೆಲ್ಲ ಮಾಡಿದರೂ ಒಂದು ದಿನ ಹಾರ್ಡ್‌ವೇರೇ ಕೈಕೊಟ್ಟು ಸರ್ವರ್ ಸೂಚನೆಯಿಲ್ಲದೆ ಸಾಯುತ್ತದೆ. ಆ ದಿನ ರೈತರನ್ನು ಕಾಯುವುದು ಡೇಟಾಬೇಸ್ ಮಾತ್ರ. ಲಾಟ್ ನಂಬರ್ ಮತ್ತು ಟೆಂಡರ್ ದಿನಾಂಕ ಸೇರಿಸಿ ಪಟ್ಟಿಯ ಟೇಬಲಿನಲ್ಲಿ ಯೂನಿಕ್ ಕಟ್ಟು ಹಾಕಿ. ಎರಡನೇ ಪಟ್ಟಿ ಬರೆಯಲು ಹೋದವರಿಗೆ ಡೇಟಾಬೇಸೇ ಬೇಡ ಅನ್ನಲಿ. ‘ನಡೆಯುತ್ತಿದೆ’ ಗುರುತಿನ ಜತೆ ಅದು ಎಷ್ಟು ಹೊತ್ತಿನ ತನಕ ಸಲ್ಲುತ್ತದೆ ಎಂಬ ಸಮಯವನ್ನೂ ಬರೆಯಿರಿ. ಹೊತ್ತು ಮೀರಿದ ಗುರುತನ್ನು ಯಾವ ವರ್ಕರ್ ಬೇಕಾದರೂ ಎತ್ತಿಕೊಳ್ಳುವಂತಿರಲಿ. ವೆಬ್ ಸರ್ವರ್ ಮತ್ತು ವರ್ಕರ್‌ಗಳನ್ನು ಬೇರೆ ಬೇರೆ ಗುಂಪು ಮಾಡಿ, ವರ್ಕರ್ ಗುಂಪನ್ನು ಸಿಪಿಯು ನೋಡಿ ಏರಿಳಿಸದೆ ಕ್ಯೂವಿನಲ್ಲಿ ತಲಾ ಸರ್ವರಿಗೆ ಎಷ್ಟು ಲಾಟು ಬಾಕಿ ಇದೆ ಎಂಬುದರ ಮೇಲೆ ಏರಿಳಿಸಿ. ಒಂದೇ ಕೆಲಸಕ್ಕೆ ಕೈ ಹಾಕುತ್ತೇವೆ ಅನ್ನುವವರು ಮೊದಲು ಯೂನಿಕ್ ಕಟ್ಟು ಹಾಕಿಬಿಡಿ.

ಪರೀಕ್ಷೆಯನ್ನು ಕ್ಯೂ ತುಂಬ ಕೆಲಸ ಇರುವಾಗ ಮಾಡಿ. ಪರೀಕ್ಷೆಯ ಗುಂಪಿನಲ್ಲಿ ಸುಳ್ಳು ಲಾಟು ತುಂಬಿ, ಆಟೋ ಸ್ಕೇಲಿಂಗ್‌ನ ಆಜ್ಞೆಯಿಂದಲೇ ಒಂದು ಸರ್ವರ್ ಇಳಿಸಿ. ಸರ್ವರ್ ಪಟ್ಟಿಗೆ ಹೋಗಿ ಟರ್ಮಿನೇಟ್ ಒತ್ತಬೇಡಿ, ಇಳಿಸುವಾಗಿನ ಕ್ರಮದಲ್ಲಿ ಅದು ಮುಚ್ಚುವುದಿಲ್ಲ. ನಂತರ ಲಾಟಿನ ಲೆಕ್ಕವನ್ನೂ ಪಟ್ಟಿಯ ಲೆಕ್ಕವನ್ನೂ ತಾಳೆ ನೋಡಿ.

ಈಗಾಗಲೇ ಎರಡೆರಡು ಪಟ್ಟಿಯ ದೂರು ಬರುತ್ತಿದ್ದರೆ ಸರ್ವರಿನ ಲಾಗ್ ಹುಡುಕಿ ಪ್ರಯೋಜನವಿಲ್ಲ. ಹೊರಗೆ ಕಳಿಸುವ ಏರ್ಪಾಡು ಇಲ್ಲದಿದ್ದರೆ ಅದು ಸರ್ವರಿನ ಜತೆಗೇ ಹೋಗಿರುತ್ತದೆ. ಆಟೋ ಸ್ಕೇಲಿಂಗ್ ಗುಂಪಿನ ಚಟುವಟಿಕೆ ದಾಖಲೆ ತೆಗೆಯಿರಿ, ಹಿಂದಿನ ಆರು ವಾರಗಳದ್ದು ಸಿಗುತ್ತದೆ. ಸಮಯ ಯುಟಿಸಿಯಲ್ಲಿದ್ದರೆ ಐದೂವರೆ ಗಂಟೆ ಸೇರಿಸಿ. ಪ್ರತಿ ಸರ್ವರ್ ಇಳಿದ ಸಮಯದ ಎದುರು, ದೂರು ಬಂದ ಲಾಟುಗಳ ಮೊದಲ ಪಟ್ಟಿ ಹುಟ್ಟಿದ ಸಮಯ ಬರೆಯುತ್ತ ಹೋಗಿ. ಇವೆರಡೂ ಒಂದೆರಡು ನಿಮಿಷದ ಅಂತರದಲ್ಲಿ ಕೂತರೆ, ಗುಮಾಸ್ತರನ್ನು ಕರೆಸಿ ಕೇಳುವುದನ್ನು ಅಂದೇ ನಿಲ್ಲಿಸಿ.