ಕ್ಯಾನೊನೆಟ್ ಕ್ಯೂಎಲ್17 ಜಿ3: ‘ಟಿಕ್’ ಸದ್ದು ನಂಬಿ ದುಡ್ಡು ಕೊಡಬೇಡಿ

ಹಳೇ ಕ್ಯಾಮೆರಾ ಮಾರುವವರ ಬಾಯಲ್ಲಿ ‘ವರ್ಕಿಂಗ್ ಕಂಡಿಷನ್’ ಅಂದರೆ ಎಷ್ಟೋ ಸಲ ಲಿವರ್ ಎಳೆದು ಬಟನ್ ಒತ್ತಿದಾಗ ಟಿಕ್ ಅನ್ನುತ್ತದೆ ಅಂತಷ್ಟೇ. ಕ್ಯಾನನ್ 1972ರಲ್ಲಿ ತಂದ ಕ್ಯಾನೊನೆಟ್ ಕ್ಯೂಎಲ್17 ಜಿ3 ಒಂದು ರೇಂಜ್‌ಫೈಂಡರ್, ಅಂದರೆ ಎರಡು ಬಿಂಬಗಳನ್ನು ಒಂದಾಗಿಸಿ ಫೋಕಸ್ ಮಾಡುವ ಫಿಲ್ಮ್ ಕ್ಯಾಮೆರಾ. ಇದರಲ್ಲಿ ಶಟರ್ ಬ್ಲೇಡುಗಳು (ಫಿಲ್ಮಿಗೆ ಬೆಳಕು ಬಿಡುವ ತೆಳು ತಗಡುಗಳು) ಎಣ್ಣೆ ಜಿಡ್ಡಿಗೆ ಅಂಟಿಕೊಂಡು ತೆರೆಯದೇ ಹೋದರೂ ಆ ಟಿಕ್ ಬರುತ್ತದೆ. ಹಾಗಾಗಿ ಹಿಂದಿನ ಬಾಗಿಲು ತೆಗೆದು, ಶಟರ್ ವೇಗ 1/4 ಸೆಕೆಂಡಿಗೆ ಇಟ್ಟು, ಅಪರ್ಚರ್ (ಬೆಳಕು ಬರುವ ಕಿಂಡಿ; ಸಂಖ್ಯೆ ಹೆಚ್ಚಿದಷ್ಟೂ ಕಿರಿದು) ಉಂಗುರವನ್ನು ‘ಎ’ ಅಂದರೆ ಆಟೋದಿಂದ ಸರಿಸಿ 1.7ಕ್ಕೆ ತಂದು, ಬೆಳಕಿನ ಕಡೆ ಹಿಡಿದು ಒತ್ತಿ. ದುಂಡನೆಯ ಬೆಳಕು ಕಂಡು ಮಾಯವಾಗಬೇಕು. ಹತ್ತು ಸಲ ಒತ್ತಿದಾಗ ಒಮ್ಮೆ ತಪ್ಪಿದರೂ ರಿಪೇರಿ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಿ. ಮುಂದಿನಿಂದ ಲೈಟರ್ ಪೆಟ್ರೋಲ್ ಸುರಿಯುವ ಉಪಾಯ ಕೆಲವು ವಾರಗಳ ಮಾತು. ಜಿಡ್ಡು ಕರಗಿ ಮತ್ತೆ ಬ್ಲೇಡಿಗೇ ಹರಡುತ್ತದೆ.

ಮಾರುವವರೂ ಎಡವುವ ಇನ್ನೊಂದು ವಿಷಯವಿದೆ. ಉಂಗುರ ‘ಎ’ಯಲ್ಲಿದ್ದು ಬ್ಯಾಟರಿ ಇಲ್ಲದಿದ್ದರೆ ಬಟನ್ ಒಳಗೆ ಹೋಗುವುದೇ ಇಲ್ಲ. ಅದು ಕೆಟ್ಟಿದ್ದಲ್ಲ. ಬೆಳಕು ಸಾಲದಾಗ ಅಥವಾ ಮಿತಿಮೀರಿದಾಗ ಬೆಳಕು ಅಳೆಯುವ ಮೀಟರ್‌ನ ಮುಳ್ಳು ಕೆಂಪು ಪಟ್ಟಿಗೆ ಹೋಗಿ ಶಟರ್ ಬಿಗಿಯುವಂತೆ ಮಾಡಿದ್ದಾರೆ. ಲೆನ್ಸ್ ಮುಚ್ಚಳ ತೆಗೆಯಲು ಮರೆತರೂ ಹಾಗೇ ಆಗುವುದರಿಂದ ಒಂದು ಫ್ರೇಮ್ ಉಳಿಯಿತು ಅನ್ನಿ.

ಈ ಕ್ಯಾಮೆರಾದ ನಿಜವಾದ ತಲೆನೋವು ಬ್ಯಾಟರಿ. ಮೀಟರ್ ಲೆಕ್ಕವೆಲ್ಲ 1.35 ವೋಲ್ಟಿನ ಪಾದರಸದ ಪಿಎಕ್ಸ್625 ಸೆಲ್ಲಿಗೆ ಹೊಂದಿಸಿದ್ದು. ಅದು ಈಗ ತಯಾರಾಗುವುದಿಲ್ಲ. 1.5 ವೋಲ್ಟಿನ ಆಲ್ಕಲೈನ್ ಸೆಲ್ ಹಾಕಿದರೆ ಮುಳ್ಳು ಹೆಚ್ಚು ಏರುತ್ತದೆ, ಕ್ಯಾಮೆರಾ ಬೆಳಕು ಜಾಸ್ತಿಯಿದೆ ಅಂದುಕೊಂಡು ಅಪರ್ಚರ್ ಕಿರಿದು ಮಾಡುತ್ತದೆ, ಬೆಳಕು ಸಾಲದೆ ನೆಗೆಟಿವ್ ತೆಳ್ಳಗೆ ಬರುತ್ತದೆ. ಐಎಸ್‌ಒ (ಫಿಲ್ಮ್ ಬೆಳಕಿಗೆ ಎಷ್ಟು ಚುರುಕು ಅನ್ನುವ ಅಂಕಿ) 400ರ ಫಿಲ್ಮಿಗೆ ಕ್ಯಾಮೆರಾದಲ್ಲಿ 200 ಅಂತ ಇಟ್ಟು ಸರಿದೂಗಿಸಬಹುದಾದರೂ ಸೆಲ್ ಇಳಿಯುತ್ತಾ ಹೋದಂತೆ ಲೆಕ್ಕವೂ ಬದಲಾಗುತ್ತದೆ. ಕಿವಿ ಮಷಿನ್ನಿಗೆ ಹಾಕುವ 675 ನಂಬರಿನ ಜಿಂಕ್-ಏರ್ ಸೆಲ್ ಇದಕ್ಕಿಂತ ವಾಸಿ: 1.4 ವೋಲ್ಟ್, ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ಸಮ. ಅಗಲ ಕಡಿಮೆ ಇರುವುದರಿಂದ ಸುತ್ತ ಒಂದು ರಬ್ಬರ್ ರಿಂಗ್ ಹಾಕಿ ನಡುವೆ ಕೂರಿಸಿ. ಸ್ಟಿಕ್ಕರ್ ಕಿತ್ತ ಮೇಲೆ ಬಳಸಿದರೂ ಬಿಟ್ಟರೂ ಎರಡು ಮೂರು ತಿಂಗಳಲ್ಲಿ ಸಾಯುತ್ತದೆ. ಕೊಳ್ಳುವ ಮುಂಚೆ ತಳದ ಬ್ಯಾಟರಿ ಮುಚ್ಚಳವನ್ನು ನಾಣ್ಯದಿಂದ ತಿರುಗಿಸಿ ನೋಡಿ. ಮೇಲಿನ ಹಸಿರು ಕಿಲುಬು ವಿನೆಗರ್ ಅದ್ದಿದ ಹತ್ತಿಯಿಂದ ಒರೆಸಿದರೆ ಹೋಗುತ್ತದೆ. ಒಳಗಿನ ತಂತಿ ತಿಂದುಹೋಗಿದ್ದರೆ ಬೆಸುಗೆಯ ಕೆಲಸ.

ಬಾಗಿಲಿನ ಸಂದಿಯಿಂದ ಬೆಳಕು ನುಗ್ಗದಂತೆ ತಡೆಯುವ ಫೋಮ್ ಸೀಲುಗಳು ಇಷ್ಟು ಹೊತ್ತಿಗೆ ಕರಗಿ ಟಾರಿನಂತೆ ಆಗಿರುವುದು ಖಂಡಿತ ಅಂತಲೇ ತಿಳಿಯಿರಿ. ಹಲ್ಲುಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿ ಕೆರೆದು ತೆಗೆಯಿರಿ. ಪುಡಿ ಶಟರ್ ಕಡೆ ಬೀಳದ ಹಾಗೆ ಕ್ಯಾಮೆರಾವನ್ನು ಮಗುಚಿ ಹಿಡಿಯಿರಿ. ಬಾಗಿಲಿನ ಅಂಚು ಕೂರುವ ಮೇಲಿನ, ಕೆಳಗಿನ ಸಂದಿಗೆ ಕಪ್ಪು ಉಲ್ಲನ್ ನೂಲು ತುಂಬಿದರೆ ಸಾಕು, ಅಂಟೂ ಬೇಡ. ಕೀಲಿನ ಪಕ್ಕಕ್ಕೆ ಮಾತ್ರ ಫೋಮ್ ಪಟ್ಟಿ ಅಂಟಿಸಬೇಕು.

ಇಷ್ಟೆಲ್ಲ ಮಾಡಿದ ಮೇಲೆ ಸಿಗುವುದು 40 ಮಿ.ಮೀ., ಎಫ್/1.7ರ ಒಳ್ಳೇ ಲೆನ್ಸು. ವೇಗ ನೀವು ಆರಿಸುತ್ತೀರಿ, ಅಪರ್ಚರ್ ಅದು ಆರಿಸುತ್ತದೆ. ಬಟನ್ ಅರ್ಧ ಒತ್ತಿದರೆ ಮುಳ್ಳು ನಿಲ್ಲುತ್ತದೆ: ಬೆನ್ನ ಹಿಂದೆ ಬೆಳಕಿರುವವರ ಮುಖ ತೆಗೆಯುವಾಗ ನೆರಳಿನ ಕಡೆ ತೋರಿಸಿ, ಹಿಡಿದು, ಆಮೇಲೆ ಚೌಕಟ್ಟು ಕೂರಿಸಿ. ಉಂಗುರವನ್ನು ‘ಎ’ಯಿಂದ ಸರಿಸಿ ಮ್ಯಾನುಯಲ್‌ಗೆ ಹೋದರೆ ಮೀಟರ್ ಸತ್ತೇ ಹೋಗುತ್ತದೆ. ಇದು ದೊಡ್ಡ ಕೊರತೆ, ನೆಪ ಹೇಳಿ ಮುಚ್ಚುವಂಥದ್ದಲ್ಲ. ಬೀದಿಯಲ್ಲಿ ಅಪರ್ಚರ್ ಎಫ್/8, ಫೋಕಸ್ 3 ಮೀಟರ್ ಅಂತ ಇಟ್ಟುಬಿಟ್ಟರೆ ಸುಮಾರು 2.1ರಿಂದ 5.4 ಮೀಟರ್‌ವರೆಗೆ ಎಲ್ಲ ಸ್ಪಷ್ಟ. ಫೋಕಸ್ ಮುಟ್ಟುವ ಗೋಜಿಲ್ಲ. ಅದೇ 0.8 ಮೀಟರ್‌ನಲ್ಲಿ 1.7 ಇಟ್ಟರೆ ನಾಲ್ಕು ಸೆಂಟಿಮೀಟರ್ ಮಾತ್ರ, ಕಣ್ಣು ಸಿಕ್ಕರೆ ಕಿವಿ ಇಲ್ಲ. ನಮ್ಮ ಮಧ್ಯಾಹ್ನದ ಬಿಸಿಲಲ್ಲಿ 400ರ ಫಿಲ್ಮಿಗೆ 1/500, ಎಫ್/16 ಆಗಿ ಕ್ಯಾಮೆರಾದ ಮಿತಿಯೇ ಮುಗಿಯುತ್ತದೆ. 100ರ ಫಿಲ್ಮ್ ಹಾಕಿ.

ರೇಂಜ್‌ಫೈಂಡರ್‌ನ ಜೋಡಿ ಬಿಂಬ ದೂರದ ಟವರಿನ ಮೇಲೆ ಇನ್ಫಿನಿಟಿಯಲ್ಲಿ ಒಂದಾಗಬೇಕು. ಬಿಂಬ ಮಂಕಾಗಿದ್ದರೆ ವ್ಯೂಫೈಂಡರ್‌ನ ಮುಂಗಿಟಕಿಯ ನಡುವೆ ಕಪ್ಪು ಟೇಪಿನ ಸಣ್ಣ ಚೂರು ಅಂಟಿಸಿ, ಎದ್ದು ಕಾಣುತ್ತದೆ.

ಕ್ಯೂಎಲ್ ಅಂದರೆ ಕ್ವಿಕ್ ಲೋಡ್: ಫಿಲ್ಮಿನ ನಾಲಿಗೆಯನ್ನು ಗುರುತಿನವರೆಗೆ ಎಳೆದು ಬಾಗಿಲು ಮುಚ್ಚಿದರೆ ಆಯಿತು. ಲಿವರ್ ಎಳೆದಾಗ ಎಡಗಡೆಯ ರಿವೈಂಡ್ ಹಿಡಿ ಸುತ್ತುತ್ತಿದೆಯೇ ನೋಡಿ. ಸುತ್ತದಿದ್ದರೆ ನಾಲಿಗೆ ಹಿಡಿದುಕೊಂಡಿಲ್ಲ, ನೀವು ತೆಗೆದ ಫೋಟೊಗಳೂ ಇಲ್ಲ.

ಜೋಪಾನಕ್ಕೆ ಹೆಚ್ಚೇನಿಲ್ಲ. ಉಂಗುರವನ್ನು ‘ಎ’ಯಿಂದ ಸರಿಸಿ ಇಡಿ, ಇಲ್ಲವಾದರೆ ಮೀಟರ್ ಸೆಲ್ ತಿನ್ನುತ್ತಲೇ ಇರುತ್ತದೆ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಚರ್ಮದ ಕೇಸಿನಿಂದ ಹೊರತೆಗೆದು ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿಡಿ. ಬೂಷ್ಟು ಮೊದಲು ಹಿಡಿಯುವುದು ಆ ಕೇಸಿಗೆ, ಅಲ್ಲಿಂದ ಲೆನ್ಸಿಗೆ.