ಉದ್ದದ ಎಚ್‌ಡಿಎಂಐ: ತಾಮ್ರವೋ, ಫೈಬರೋ, ಕ್ಯಾಟ್ 6 ಸಾಕೋ?

ಶಿರಸಿಯ ನಮ್ಮ ಮನೆಯಲ್ಲಿ ಪ್ರೊಜೆಕ್ಟರ್‌ಗೆ 15 ಮೀಟರ್ ತಾಮ್ರದ ಎಚ್‌ಡಿಎಂಐ ಕೇಬಲ್ (ಚಿತ್ರ, ಧ್ವನಿ ಎರಡನ್ನೂ ಒಯ್ಯುವುದು) ಎಳೆದಿದ್ದೆ. ಪರದೆ ತುಂಬಾ ಬಿಳಿ ಚುಕ್ಕೆ, ನಡುನಡುವೆ ಪೂರ್ತಿ ಕಪ್ಪು. ಚಿತ್ರದ ಸ್ಪಷ್ಟತೆಯನ್ನು 4ಕೆಯಿಂದ 1080ಪಿಗೆ ಇಳಿಸಿದೆ, ಚುಕ್ಕೆ ಮಾಯ! ಹಾಗಾದರೆ ತಪ್ಪು ಹೆಚ್ಚಾಗಿ ಕೇಬಲ್‌ನದ್ದೇ.

ತಾಮ್ರ ಅಗ್ಗ. ಆದರೆ 4ಕೆ 60 ಹರ್ಟ್ಸ್‌ಗೆ (ಸೆಕೆಂಡಿಗೆ 60 ಚಿತ್ರ) ಸೆಕೆಂಡಿಗೆ 18 ಗಿಗಾಬಿಟ್‌ವರೆಗೆ ಡೇಟಾ ಸಾಗಬೇಕು. 5 ಮೀಟರ್ ದಾಟಿದರೆ ನಂಬೋದು ಕಷ್ಟ.

ಫೈಬರ್, ಅಂದರೆ ಬೆಳಕಿನ ಮೂಲಕ ಸಂಕೇತ ಸಾಗಿಸುವ ಕೇಬಲ್, 30 ಮೀಟರ್ ಆರಾಮಾಗಿ ಓಡುತ್ತದೆ. ಅದಕ್ಕೆ ದಿಕ್ಕಿದೆ: ‘ಸೋರ್ಸ್’ ತುದಿ ಪ್ಲೇಯರ್ ಕಡೆಗೇ ಇರಬೇಕು. ಉಲ್ಟಾ ಹಾಕಿದರೆ ಚಿತ್ರವೇ ಬರಲ್ಲ. ನಾನೂ ಹಾಕಿದ್ದೆ, ಬಿಡಿ. ತೀರಾ ಮಡಚಬೇಡಿ. ತುದಿಯ ಚಿಪ್ ಕೆಟ್ಟರೆ ಇಡೀ ಕೇಬಲ್ ಬದಲಿಸಬೇಕು, ಅದಕ್ಕೇ ಗೋಡೆಯೊಳಗೆ ದೊಡ್ಡ ಪೈಪ್ ಇಡಿಸಿ.

ಕ್ಯಾಟ್ 6 ಎಕ್ಸ್‌ಟೆಂಡರ್ (ನೆಟ್‌ವರ್ಕ್ ಕೇಬಲ್‌ನ ಎರಡೂ ತುದಿಗೆ ಒಂದೊಂದು ಪೆಟ್ಟಿಗೆ) ಸಭಾಭವನಕ್ಕೆ ಸರಿ. ಇಂಥ ಕೇಬಲ್‌ನಲ್ಲಿ ಚಿತ್ರ ಕಳಿಸುವ ಎಚ್‌ಡಿಬೇಸ್‌ಟಿ ತಂತ್ರದಲ್ಲಿ 1080ಪಿ 100 ಮೀಟರ್‌ವರೆಗೂ ಹೋಗುತ್ತದೆ. ನಡುವೆ ನೆಟ್‌ವರ್ಕ್ ಸ್ವಿಚ್ ಬೇಡ, ನೇರ ಎಳೆಯಿರಿ. ಪೆಟ್ಟಿಗೆಗಳಿಗೆ ಕರೆಂಟ್ ಬೇಕು, ಮಳೆಗಾಲದಲ್ಲಿ ಅದೇ ತಲೆನೋವು ಅಲ್ವಾ?

ಮನೆಗಾದರೆ ನನ್ನ ಓಟು ಫೈಬರ್‌ಗೆ. ಕಾರವಾರದವರು ಮಾತ್ರ ಮೊದಲು ಪ್ಲಗ್ ನೋಡಿ. ಉಪ್ಪುಗಾಳಿಗೆ ಕಿಲುಬು ಹಿಡಿದಿದ್ದರೆ ಸುಮ್ನೆ ಕೇಬಲ್‌ನ ಉದ್ದಕ್ಕೆ ಬೈಯುತ್ತಿರುತ್ತೀರಿ.