ಬೆಳ್ಳಿ ಹಿಡಿಯಲು ಯಾವುದು ಸರಿ? ಅಲ್ಯೂಮಿನೋಸಿಲಿಕೇಟ್ ಜೆಲ್, ಜಿಯೋಲೈಟ್, ಥಯಾಲ್ ಸಿಲಿಕಾ, ಟಿಎಂಟಿ

ಫೋಟೊ ಫಿಲ್ಮ್ ತೊಳೆಯುವ ಕತ್ತಲೆಕೋಣೆಯ ತ್ಯಾಜ್ಯ ದ್ರಾವಣಗಳಿಂದ ಬೆಳ್ಳಿಯನ್ನು ತೆಗೆಯುವ ನಾಲ್ಕು ವಸ್ತುಗಳ ಹೋಲಿಕೆ ಇದು. ಹೀರುವ ವಸ್ತುಗಳ ಡಬ್ಬಿಯ ಮೇಲೆ ನಮೂದಾಗಿರುವ ಬೆಳ್ಳಿಯ ಸಾಮರ್ಥ್ಯವನ್ನು ಹೆಚ್ಚಾಗಿ ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅಳೆದಿರುತ್ತಾರೆ. ಡಾರ್ಕ್‌ರೂಮಿನ ತ್ಯಾಜ್ಯದಲ್ಲಿ ಬೆಳ್ಳಿ ಆ ರೂಪದಲ್ಲಿ ಇರುವುದೇ ಇಲ್ಲ. ಫಿಕ್ಸರ್ ಎಂದರೆ ಫಿಲ್ಮಿನಲ್ಲಿ ಉಳಿದ ಬೆಳ್ಳಿ ಲವಣವನ್ನು ಥಯೋಸಲ್ಫೇಟಿನಿಂದ ಕರಗಿಸಿ ತೆಗೆಯುವ ದ್ರಾವಣ. ಫಿಕ್ಸರ್‌ನಲ್ಲಿ ಒಂದು ಬೆಳ್ಳಿ ಅಯಾನನ್ನು ಎರಡು ಥಯೋಸಲ್ಫೇಟ್ ಅಯಾನುಗಳು ಅಪ್ಪಿಕೊಂಡಿರುತ್ತವೆ. ಒಟ್ಟು ವಿದ್ಯುದಂಶ ಧನದಿಂದ ಋಣಕ್ಕೆ, ಮೈನಸ್ 3ಕ್ಕೆ, ಹೋಗಿರುತ್ತದೆ. ಲೀಟರಿಗೆ 1 ಗ್ರಾಂ ಬೆಳ್ಳಿ ಇರುವ ಗಟ್ಟಿ ಫಿಕ್ಸರ್‌ನಲ್ಲಿ ಬಿಡಿಯಾಗಿ ತಿರುಗುವ ಬೆಳ್ಳಿ ಅಯಾನಿನ ಸಾಂದ್ರತೆ ಲೀಟರಿಗೆ 10ರ ಮೈನಸ್ 15ನೇ ಘಾತದಷ್ಟು ಮೋಲ್‌ನ ಆಸುಪಾಸು. ಉಪ್ಪು ಹಾಕಿದರೆ ಸಿಲ್ವರ್ ಕ್ಲೋರೈಡ್ ಏಕೆ ಕೂರುವುದಿಲ್ಲ ಎಂಬುದಕ್ಕೂ ಇದೇ ಉತ್ತರ.

ಆದ್ದರಿಂದ ಹೋಲಿಕೆಯನ್ನು ಒಂದೇ ನೀರಿನಲ್ಲಿ ಮಾಡಿದರೆ ಸಾಲದು. ಬಳಸಿ ಮುಗಿದ ಫಿಕ್ಸರ್, ಫಿಕ್ಸರ್ ನಂತರದ ತೊಳೆನೀರು, ಹಳೆಯ ಡೆವಲಪರ್ (ಚಿತ್ರ ಮೂಡಿಸುವ ದ್ರಾವಣ) ಈ ಮೂರರಲ್ಲೂ ಬೆಳ್ಳಿಯ ಜೊತೆಗಾರರು ಬೇರೆ ಬೇರೆ. ಫಿಕ್ಸರ್‌ನಲ್ಲಿ ಬೆಳ್ಳಿ ಲೀಟರಿಗೆ ಗ್ರಾಂಗಳ ಲೆಕ್ಕದಲ್ಲಿರುತ್ತದೆ, ಥಯೋಸಲ್ಫೇಟ್ ಅದರ ಹತ್ತಾರು ಪಟ್ಟು. ತೊಳೆನೀರಿನಲ್ಲಿ ಎರಡೂ ತೆಳು, ಬೆಳ್ಳಿ ಮಿಲಿಗ್ರಾಂಗಳಷ್ಟೇ. ಡೆವಲಪರ್‌ನಲ್ಲಿ ಬೆಳ್ಳಿಯನ್ನು ಕರಗಿಸಿ ಇಟ್ಟಿರುವುದು ಸಲ್ಫೈಟ್. ಅದರ ಹಿಡಿತ ಥಯೋಸಲ್ಫೇಟಿಗಿಂತ ಸಾವಿರಾರು ಪಟ್ಟು ಸಡಿಲ.

ಮೊದಲು ಅಳತೆಯ ವಿಧಾನ. ಅದು ಸರಿಯಿಲ್ಲದಿದ್ದರೆ ಮುಂದಿನದ್ದೆಲ್ಲ ಊಹೆ. ಸಿಲ್ವರ್ ಅಂದಾಜು ಪೇಪರ್ ಲೀಟರಿಗೆ ಅರ್ಧ ಗ್ರಾಂಗಿಂತ ಕೆಳಗೆ ಏನೂ ಹೇಳದು. ಮಿಲಿಗ್ರಾಂ ಮಟ್ಟಕ್ಕೆ ಬೆಳ್ಳಿಯ ಪ್ರಮಾಣ ಗೊತ್ತಿರುವ ದ್ರಾವಣಗಳ ಬಣ್ಣದ ಸರಣಿಯೇ ಬೇಕು. 0.157 ಗ್ರಾಂ ಸಿಲ್ವರ್ ನೈಟ್ರೇಟ್‌ನಲ್ಲಿ 0.1 ಗ್ರಾಂ ಬೆಳ್ಳಿ ಇರುತ್ತದೆ. ಅದನ್ನು ಸ್ವಲ್ಪ ಬಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ, ಶೇ. 1ರ ಹೈಪೊ (ಸೋಡಿಯಂ ಥಯೋಸಲ್ಫೇಟ್) ದ್ರಾವಣಕ್ಕೆ ಕದಡುತ್ತ ಸುರಿದು 1 ಲೀಟರ್ ಮಾಡಿ. ಹೈಪೊವನ್ನು ಸಿಲ್ವರ್ ನೈಟ್ರೇಟಿಗೆ ಸುರಿಯಬಾರದು. ಹಾಗೆ ಮಾಡಿದರೆ ಬಿಳಿ ಸಿಲ್ವರ್ ಥಯೋಸಲ್ಫೇಟ್ ಕೂತು, ಹಳದಿ ಕಂದಾಗಿ ಕೊನೆಗೆ ಕಪ್ಪು ಸಲ್ಫೈಡ್ ಆಗುತ್ತದೆ, ಸರಣಿ ಹಾಳಾಗುತ್ತದೆ. ಸರಿಯಾಗಿ ಬೆರೆಸಿದ ದ್ರಾವಣ ಲೀಟರಿಗೆ 100 ಮಿ.ಗ್ರಾಂ. ಇದನ್ನು ಶೇ. 0.1ರ ಹೈಪೊದಿಂದ ತೆಳುಮಾಡಿ 10, 5, 1 ಮಿ.ಗ್ರಾಂ ಮಟ್ಟಗಳನ್ನು ಮಾಡಿಕೊಳ್ಳಿ. ಪ್ರತಿ 10 ಮಿ.ಲೀ.ಗೆ ಶೇ. 0.1ರ ಸೋಡಿಯಂ ಸಲ್ಫೈಡ್ ಒಂದೆರಡು ಹನಿ ಬಿಟ್ಟು, ಬಿಳಿ ಕಾಗದದ ಮೇಲಿಟ್ಟು ಕಂದು ಬಣ್ಣವನ್ನು ಹೋಲಿಸಿ. ಬೆಳ್ಳಿ ಹಿಡಿಯಲು ಬಳಸುವ ಸ್ಟೀಲ್ ವುಲ್ (ಕಬ್ಬಿಣದ ಎಳೆಗಳ ಉಂಡೆ) ದಾಟಿ ಬಂದ ನೀರಿನಲ್ಲಿ ಕಬ್ಬಿಣವೂ ಸಲ್ಫೈಡ್ ಜೊತೆ ಕಪ್ಪಾಗುವುದರಿಂದ ಈ ಪರೀಕ್ಷೆ ಮೋಸ ಮಾಡುತ್ತದೆ. ಆಗ ಕೆಲವು ಹನಿ ಅಸಿಟಿಕ್ ಆಮ್ಲ ಹಾಕಿ. ಕಬ್ಬಿಣದ ಕಪ್ಪು ಕರಗುತ್ತದೆ, ಬೆಳ್ಳಿಯದ್ದು ಉಳಿಯುತ್ತದೆ. ಇದನ್ನು ಕೆಲವೇ ಮಿ.ಲೀ. ಮಾದರಿಯಲ್ಲಿ, ಗಾಳಿಯಾಡುವ ಕಡೆ ಮಾಡಬೇಕು. ತಡ ಮಾಡಿದರೆ ಆಮ್ಲದಲ್ಲಿ ಹೈಪೊ ಒಡೆದು ಗಂಧಕದ ಬಿಳಿ ಮಬ್ಬು ಕವಿಯುತ್ತದೆ.

ಪ್ರಯೋಗದ ಕ್ರಮ ಹೀರುವ ವಸ್ತುಗಳಿಗೆಲ್ಲ ಒಂದೇ: 200 ಮಿ.ಲೀ. ಮಾದರಿ, ಒಣ ತೂಕದಲ್ಲಿ 2 ಗ್ರಾಂ ವಸ್ತು, 2 ಗಂಟೆ ನಿಧಾನ ಕದಡುವಿಕೆ, ಸೋಸುವಿಕೆ, ಸೋಸಿದ ತಿಳಿಯ ಪರೀಕ್ಷೆ. ಜೊತೆಗೆ ವಸ್ತುವೇ ಇಲ್ಲದ ಒಂದು ಜಾಡಿಯೂ ಇರಲೇಬೇಕು. ಬೆಳಕು, ಗಾಳಿಯಿಂದ ತಾನಾಗಿಯೇ ಕೂರುವ ಬೆಳ್ಳಿಯನ್ನು ವಸ್ತುವಿನ ಸಾಧನೆ ಎಂದುಕೊಳ್ಳುವ ಅಪಾಯ ಇದರಿಂದ ತಪ್ಪುತ್ತದೆ.

ಜಿಯೋಲೈಟ್

ಇದರಿಂದ ಬೆಳ್ಳಿಗೆ ಉಪಯೋಗವಿಲ್ಲ. ಜಿಯೋಲೈಟ್ ಎಂದರೆ ಸೂಕ್ಷ್ಮ ರಂಧ್ರಗಳಿರುವ ಅಲ್ಯೂಮಿನೋಸಿಲಿಕೇಟ್ ಹರಳು. ಅದರ ಚೌಕಟ್ಟೇ ಋಣ, ಅದು ಹಿಡಿಯುವುದು ಧನ ಅಯಾನುಗಳನ್ನು. ಸಿಲ್ವರ್ ನೈಟ್ರೇಟ್‌ನಲ್ಲಿ ಅದು ಬೆಳ್ಳಿಯನ್ನು ಚೆನ್ನಾಗಿಯೇ ನುಂಗುತ್ತದೆ, ಆದರೆ ಫಿಕ್ಸರ್ ಮತ್ತು ತೊಳೆನೀರಿನ ಜಾಡಿಗಳಲ್ಲಿ ವಸ್ತು ಹಾಕದ ಜಾಡಿಗೂ ಇದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ರ‍್ಯಾಪಿಡ್ ಫಿಕ್ಸರ್‌ನಲ್ಲಿ ಅಮೋನಿಯಂ ಅಯಾನು ತುಂಬಿರುವುದರಿಂದ ಕ್ಲಿನಾಪ್ಟಿಲೋಲೈಟ್ ಜಾತಿಯ ಜಿಯೋಲೈಟ್ ಅದನ್ನೇ ಹಿಡಿದು ತುಂಬಿಕೊಳ್ಳುತ್ತದೆ. ತೊಳೆನೀರಿನ ಅಮೋನಿಯಂ ಇಳಿಸುವುದೇ ಗುರಿಯಾದರೆ ಇದು ಒಳ್ಳೆಯ ಆಯ್ಕೆ. ಡಿಟರ್ಜೆಂಟಿಗೆ ಬಳಸುವ ‘ಎ’ ಜಿಯೋಲೈಟನ್ನು ಆಮ್ಲ ಫಿಕ್ಸರಿಗೆ ಹಾಕಬೇಡಿ. ಅದರ ಚೌಕಟ್ಟು ಆಮ್ಲದಲ್ಲಿ ಕುಸಿದು ಅಲ್ಯೂಮಿನಿಯಂ ಬಿಡುತ್ತದೆ.

ಅಲ್ಯೂಮಿನೋಸಿಲಿಕೇಟ್ ಜೆಲ್

ಇದು ಅಲ್ಯೂಮಿನಿಯಂ, ಸಿಲಿಕಾನ್, ಆಮ್ಲಜನಕ ಹೆಣೆದುಕೊಂಡ ಅಜೈವಿಕ ಪಾಲಿಮರ್. ಇದರ ನೈಸರ್ಗಿಕ ರೂಪವಾದ ಇಮೋಗೋಲೈಟನ್ನು ಜಪಾನಿನ ಜ್ವಾಲಾಮುಖಿ ಬೂದಿಯ ಮಣ್ಣಿನಲ್ಲಿ 1962ರಲ್ಲಿ ಗುರುತಿಸಲಾಯಿತು. ಸುಮಾರು 2 ನ್ಯಾನೋಮೀಟರ್ ಅಗಲದ ಕೊಳವೆಗಳು, ಹೊರಮೈ ಅಲ್ಯೂಮಿನಿಯಂ ಹೈಡ್ರಾಕ್ಸಿಲ್, ಒಳಮೈ ಸಿಲಿಕಾನ್ ಹೈಡ್ರಾಕ್ಸಿಲ್. ಅಲೋಫೇನ್ ಅದರ ಹತ್ತಿರದ ನಂಟು, ಅದರದ್ದು ಟೊಳ್ಳು ಗೋಳಗಳ ಆಕಾರ. ಆಮ್ಲದಿಂದ ತಟಸ್ಥದವರೆಗಿನ ನೀರಿನಲ್ಲಿ ಹೊರಮೈ ಧನವಾಗಿರುವುದೇ ಇಲ್ಲಿ ಮುಖ್ಯ. ಜಿಯೋಲೈಟ್ ಸೋತಲ್ಲಿ ಇದು ಗೆಲ್ಲಬೇಕು ಎಂಬ ನಿರೀಕ್ಷೆ ಹುಟ್ಟುವುದು ಅಲ್ಲಿಂದ.   

ತಯಾರಿಕೆಗೆ 24.1 ಗ್ರಾಂ ಅಲ್ಯೂಮಿನಿಯಂ ಕ್ಲೋರೈಡ್ ಹೆಕ್ಸಾಹೈಡ್ರೇಟನ್ನು ಸುಮಾರು 700 ಮಿ.ಲೀ. ಶುದ್ಧ ನೀರಿನಲ್ಲಿ ಕರಗಿಸಿ. ಟೆಟ್ರಾಇಥೈಲ್ ಆರ್ಥೋಸಿಲಿಕೇಟ್ 10.4 ಗ್ರಾಂ ಸೇರಿಸಿ, ಎಣ್ಣೆಯಂಥ ಹನಿಗಳು ಪೂರ್ತಿ ಮಾಯವಾಗುವವರೆಗೆ ಕದಡಿ. ಇಲ್ಲಿ ಅಲ್ಯೂಮಿನಿಯಂ ಮತ್ತು ಸಿಲಿಕಾನ್‌ನ ಅನುಪಾತ 2ಕ್ಕೆ 1. ಆಮೇಲೆ 1 ಮೋಲಾರ್ ಕಾಸ್ಟಿಕ್ ಸೋಡಾ 250 ಮಿ.ಲೀ.ಯನ್ನು ಒಂದೆರಡು ಗಂಟೆಗಳಲ್ಲಿ ಹನಿಹನಿಯಾಗಿ ಬಿಡಿ. ಅಲ್ಯೂಮಿನಿಯಂ 1 ಮೋಲ್‌ಗೆ ಕ್ಷಾರ 2.5 ಮೋಲ್ ಆಗುತ್ತದೆ. ಒಂದು ರಾತ್ರಿ ಕದಡಲು ಬಿಟ್ಟು, ತೆಳು ಅಮೋನಿಯಾದಿಂದ ಪಿಎಚ್ 8ರ ಹತ್ತಿರ ತಂದರೆ ಜೆಲ್ ಇಳಿಯುತ್ತದೆ. ತಿಳಿ ಬಸಿದು, ಹೊಸ ನೀರು ಹಾಕಿ, ಉಪ್ಪು ಹೋಗುವವರೆಗೆ ತೊಳೆಯಿರಿ.

ಕೆಡುವುದು ಹೆಚ್ಚಾಗಿ ಮೂರು ಕಡೆ. ಕ್ಷಾರ ಬೇಗ ಸುರಿದರೆ ಬಿದ್ದ ಜಾಗದಲ್ಲಿ ಬರೀ ಅಲ್ಯೂಮಿನಿಯಂ ಹೈಡ್ರಾಕ್ಸೈಡಿನ ಬಿಳಿ ಉಂಡೆಗಳಾಗುತ್ತವೆ, ಅವು ಮತ್ತೆ ಕರಗವು. ಕ್ಲೋರೈಡ್ ಬದಲು ಪಟಿಕ ಬಳಸಿದರೆ ಸಲ್ಫೇಟ್ ಮೇಲ್ಮೈಗೆ ಅಂಟಿ ರಚನೆ ಬೆಳೆಯಲು ಬಿಡುವುದಿಲ್ಲ. ಜೆಲ್ಲನ್ನು ಒಲೆಯಲ್ಲಿ ಒಣಗಿಸಿದರೆ ರಂಧ್ರಗಳು ಒಂದಕ್ಕೊಂದು ಅಂಟಿ ಗಾಜಿನ ಚೂರಿನಂಥ ಪುಡಿಯಾಗುತ್ತದೆ, ಮತ್ತೆ ನೆನೆಸಿದರೂ ಮೊದಲಿನಂತಾಗದು. ಒದ್ದೆಯಾಗಿಯೇ ಮುಚ್ಚಿಡಿ. ಒಣ ತೂಕ ತಿಳಿಯಲು ಚೂರು ತೆಗೆದು ಬೇರೆ ಒಣಗಿಸಿ ನೋಡಿದರಾಯಿತು.

ಫಲಿತಾಂಶದ ವಿಷಯಕ್ಕೆ ಬಂದರೆ, ಬರಿಯ ಜೆಲ್ ಗಟ್ಟಿ ಫಿಕ್ಸರ್‌ನಲ್ಲಿ ನಿಷ್ಪ್ರಯೋಜಕ. ಧನಮೈಯ ಜಾಗಗಳಿಗಾಗಿ ಬೆಳ್ಳಿ ಸಂಕೀರ್ಣದ ಎದುರು ಹತ್ತಾರು ಪಟ್ಟು ಥಯೋಸಲ್ಫೇಟ್, ಸಲ್ಫೈಟ್, ಅಸಿಟೇಟ್ ಸಾಲುಗಟ್ಟಿರುತ್ತವೆ. ತೊಳೆನೀರಿನಲ್ಲಿ ಪಿಎಚ್ 5ರಿಂದ 6ರ ನಡುವೆ ಸ್ವಲ್ಪ ಹಿಡಿಯುತ್ತದೆ, ಆದರೆ ಅದೇ ನೀರಿಗೆ ಪ್ರಬಲ ಕ್ಷಾರೀಯ ಆನಯಾನ್ ರೆಸಿನ್ (ಋಣ ಅಯಾನುಗಳನ್ನು ಹಿಡಿಯುವ ರಾಳ) ಹಾಕಿದರೆ ಬೆಳ್ಳಿ ಲೀಟರಿಗೆ 2 ಮಿ.ಗ್ರಾಂಗಿಂತ ಕೆಳಗಿಳಿಯುವುದು ಸಾಮಾನ್ಯ, ಆ ಮಟ್ಟಕ್ಕೆ ಜೆಲ್ ಬಾರದು. ಡೆವಲಪರ್ ಬೆರೆತು ಫಾಸ್ಫೇಟ್ ಬಂದರೆ ಅದು ಅಲ್ಯೂಮಿನಿಯಂಗೆ ಗಟ್ಟಿಯಾಗಿ ಕಚ್ಚಿ ಜೆಲ್ಲನ್ನು ಮುಗಿಸಿಬಿಡುತ್ತದೆ. ಬಣ್ಣದ ಫೋಟೊ ಕೆಲಸದ ಬ್ಲೀಚ್-ಫಿಕ್ಸ್‌ನ ಇಡಿಟಿಎ (ಲೋಹದ ಅಯಾನುಗಳನ್ನು ಹಿಡಿಯುವ ರಾಸಾಯನಿಕ) ಅಲ್ಯೂಮಿನಿಯಂ ಅನ್ನೇ ಕಿತ್ತುಕೊಂಡು ಹೋಗುತ್ತದೆ. ಪಿಎಚ್ 4ಕ್ಕಿಂತ ಕೆಳಗೆ ಜೆಲ್ ಕರಗುತ್ತದೆ, 9ಕ್ಕಿಂತ ಮೇಲೆ ಅದರ ಧನ ವಿದ್ಯುದಂಶ ಇಲ್ಲವಾಗುತ್ತದೆ.

ಹಾಗೆಂದು ಬದಿಗಿಡುವಂಥದ್ದಲ್ಲ. ಫಿಲ್ಮಿನಿಂದ ಬಿಟ್ಟುಬರುವ ನೇರಳೆ, ಹಸಿರು ಬಣ್ಣಗಳು ಹೆಚ್ಚಿನವು ಸಲ್ಫೋನೇಟ್ ಗುಂಪಿರುವ ಋಣ ಅಣುಗಳು. ಆ ಬಣ್ಣದ ತೊಳೆನೀರನ್ನು ತಿಳಿಗೊಳಿಸುವುದರಲ್ಲಿ ಈ ನಾಲ್ಕರಲ್ಲಿ ಜೆಲ್ಲೇ ಮುಂದು.

ಥಯಾಲ್ ಹಾಕಿದ ಸಿಲಿಕಾ ಮತ್ತು ಜೆಲ್

ಮರ್ಕ್ಯಾಪ್ಟೋಪ್ರೊಪೈಲ್ ಟ್ರೈಮಿಥಾಕ್ಸಿಸಿಲೇನ್ ಎಂಬ ಸಿಲೇನ್ ಸಿಲಿಕಾದ ಮೇಲ್ಮೈಗೆ ಗಂಧಕದ ಕೈಗಳನ್ನು, ಅಂದರೆ ಗಂಧಕ-ಹೈಡ್ರೋಜನ್ ಇರುವ ಥಯಾಲ್ ಗುಂಪುಗಳನ್ನು, ಜೋಡಿಸುತ್ತದೆ. ಗ್ರಾಂಗೆ 1 ಮಿಲಿಮೋಲ್ ಥಯಾಲ್ ಇದ್ದರೆ, ಒಂದಕ್ಕೊಂದರ ಲೆಕ್ಕದಲ್ಲಿ ಗರಿಷ್ಠ 108 ಮಿ.ಗ್ರಾಂ ಬೆಳ್ಳಿ. ಬೆಳ್ಳಿ ಮತ್ತು ಗಂಧಕದ ನಂಟು ಗಟ್ಟಿಯಾದ್ದರಿಂದ ಇದು ಎಲ್ಲೆಡೆ ಗೆಲ್ಲುತ್ತದೆ ಎಂದು ಅನೇಕರು ನಂಬುತ್ತಾರೆ. ಆಮ್ಲ ಫಿಕ್ಸರ್‌ನಲ್ಲಿ ಗೆಲ್ಲುವುದಿಲ್ಲ. ಥಯಾಲ್ ತನ್ನ ಹೈಡ್ರೋಜನನ್ನು ಸುಲಭವಾಗಿ ಬಿಡುವುದು ಪಿಎಚ್ 10ರ ಹತ್ತಿರ. ಪಿಎಚ್ 5ರಲ್ಲಿ ಅದರ ಕೈ ಕಟ್ಟಿಹಾಕಿದಂತೆ, ಎದುರಿಗೆ ಥಯೋಸಲ್ಫೇಟ್ ರಾಶಿ. ತೊಳೆನೀರಿನಲ್ಲಿ ಪಿಎಚ್ ಅನ್ನು ವಾಷಿಂಗ್ ಸೋಡಾದಿಂದ 8.5ಕ್ಕೆ ಏರಿಸಿದ ಜಾಡಿಗೂ ಹಾಗೆಯೇ ಬಿಟ್ಟ ಜಾಡಿಗೂ ಕಣ್ಣಿಗೆ ಕಾಣುವ ವ್ಯತ್ಯಾಸವಿದೆ.

ಇದರ ನಿಜವಾದ ಜಾಗ ಹಳೆಯ ಡೆವಲಪರ್. ಸಲ್ಫೈಟ್ ಕರಗಿಸಿದ ಬೆಳ್ಳಿ ನಿಧಾನವಾಗಿ ಲೋಹವಾಗಿ ಕೂತು ಟ್ಯಾಂಕು, ರೋಲರುಗಳ ಮೇಲೆ ಕಪ್ಪು ರಾಡಿಯಾಗುತ್ತದೆ. ಅಲ್ಲಿ ಪಿಎಚ್ ಮೇಲಿರುತ್ತದೆ, ಸಲ್ಫೈಟಿನ ಹಿಡಿತ ಸಡಿಲ. ಎರಡೂ ಥಯಾಲ್ ಕಡೆಗೆ ವಾಲುತ್ತವೆ. ಆದರೆ ಪಿಎಚ್ 10ರಲ್ಲಿ ಬರಿಯ ಸಿಲಿಕಾ ಕರಗುತ್ತದೆ, ಥಯಾಲ್ ಕೈಗಳು ಬಿಡಿಯಾಗಿ ದ್ರಾವಣಕ್ಕೆ ಇಳಿಯುತ್ತವೆ. ಮರ್ಕ್ಯಾಪ್ಟೋ ಸಂಯುಕ್ತಗಳು ಮಿ.ಗ್ರಾಂ ಮಟ್ಟದಲ್ಲೇ ಡೆವಲಪ್ ಆಗುವುದನ್ನು ತಡೆಯಬಲ್ಲವು. ಆದ್ದರಿಂದ ಹೀಗೆ ಶುದ್ಧಿಮಾಡಿದ ಡೆವಲಪರನ್ನು ಮರಳಿ ಬಳಸುವ ಮುಂಚೆ ಟೆಸ್ಟ್ ಸ್ಟ್ರಿಪ್ ತೆಗೆದು ವೇಗ, ಕಾಂಟ್ರಾಸ್ಟ್ ನೋಡಲೇಬೇಕು. ಮೇಲಿನ ಜೆಲ್ ತಯಾರಿಕೆಯಲ್ಲಿ ಸಿಲಿಕೇಟಿನ ಒಂದು ಭಾಗದ ಬದಲು ಥಯಾಲ್ ಸಿಲೇನನ್ನೇ ಹಾಕಿ, ಅಲ್ಯೂಮಿನಿಯಂ ಜೊತೆಗೇ ಹೆಣೆಯುವುದು ಹೆಚ್ಚು ಒಳ್ಳೆಯ ದಾರಿ. ಅಲ್ಯೂಮಿನಿಯಂ ಸೇರಿದ ಸಿಲಿಕಾ ಕ್ಷಾರಕ್ಕೆ ಅಷ್ಟು ಬೇಗ ಕರಗದು. ಸಿಲೇನಿನ ವಾಸನೆ ವಿಪರೀತ, ಕೈಗವಸು ಮತ್ತು ಹೊಗೆ ಎಳೆಯುವ ಫ್ಯಾನ್ ಇಲ್ಲದೆ ಬಾಟಲಿ ತೆರೆಯಬಾರದು.

ಟಿಎಂಟಿ

ಟ್ರೈಮರ್ಕ್ಯಾಪ್ಟೋಟ್ರೈಅಜೀನ್‌ನ ಸೋಡಿಯಂ ಲವಣ, ಮಾರುಕಟ್ಟೆಯಲ್ಲಿ ಶೇ. 15ರ ದ್ರಾವಣ. ಇದು ಹೀರುವ ವಸ್ತುವಲ್ಲ, ಬೆಳ್ಳಿಯನ್ನು ಗಸಿಯಾಗಿ ಕೂರಿಸುವ ರಾಸಾಯನಿಕ. ಒಂದು ಅಣು ಮೂರು ಬೆಳ್ಳಿಗೆ ಅಂಟುತ್ತದೆ. ಲೆಕ್ಕದ ಪ್ರಕಾರ 1 ಗ್ರಾಂ ಬೆಳ್ಳಿಗೆ ಸುಮಾರು 5 ಗ್ರಾಂ ದ್ರಾವಣ, ಕೈಯಳತೆಗೆ ಶೇ. 10ರಿಂದ 20 ಹೆಚ್ಚು. ಗಟ್ಟಿ ಫಿಕ್ಸರ್ ಮತ್ತು ತೊಳೆನೀರು ಬೆರೆತ ತ್ಯಾಜ್ಯಕ್ಕೆ ನಾಲ್ಕರಲ್ಲಿ ಇದೇ ಸರಿ. ಗಸಿ ನುಣ್ಣಗೆ ಇರುವುದರಿಂದ ಕಾಫಿ ಫಿಲ್ಟರ್ ದಾಟಿ ಬರುತ್ತದೆ. ಸ್ವಲ್ಪ ಫ್ಲಾಕ್ಯುಲೆಂಟ್ (ನುಣ್ಣನೆ ಕಣಗಳನ್ನು ಒಟ್ಟುಗೂಡಿಸುವ ವಸ್ತು) ಹಾಕಿ ಒಂದು ರಾತ್ರಿ ಬಿಟ್ಟು, ತಿಳಿ ಬಸಿದ ಮೇಲೆ ಉಳಿದದ್ದನ್ನು ಮಾತ್ರ ಸೋಸಿ.

ಸೋಡಿಯಂ ಸಲ್ಫೈಡ್ ಇದಕ್ಕಿಂತ ಅಗ್ಗ, ಬೆಳ್ಳಿಯನ್ನು ಇನ್ನೂ ಕೆಳಗಿಳಿಸುತ್ತದೆ. 1 ಗ್ರಾಂ ಬೆಳ್ಳಿಗೆ 0.36 ಗ್ರಾಂ, ಶೇ. 60ರ ಚಕ್ಕೆಯಾದರೆ 0.6 ಗ್ರಾಂ. ಆದರೆ ಆಮ್ಲ ಫಿಕ್ಸರಿಗೆ ನೇರವಾಗಿ ಹಾಕಿದರೆ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ. ಅದು ಹೆಚ್ಚಾದಂತೆ ಮೂಗು ಮರಗಟ್ಟಿ ವಾಸನೆಯೇ ತಿಳಿಯದಾಗುತ್ತದೆ, ಅಪಾಯ ಇರುವುದು ಅಲ್ಲೇ. ಮುಚ್ಚಿದ ಕೋಣೆಯ ಡಾರ್ಕ್‌ರೂಮಿನಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಬಳಸಲೇಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಮುಂಚಿನ ಹಂತ ಮತ್ತು ಉಳಿದದ್ದರ ವಿಲೇವಾರಿ

ಗ್ರಾಂಗಟ್ಟಲೆ ಬೆಳ್ಳಿಗೆ ಈ ನಾಲ್ಕನ್ನೂ ಖರ್ಚು ಮಾಡುವುದು ವ್ಯರ್ಥ. ಮೊದಲು ವಿದ್ಯುದ್ವಿಭಜನೆ ಮಾಡಿ: ಗ್ರಾಫೈಟ್ ಆನೋಡ್, ಸ್ಟೇನ್‌ಲೆಸ್ ಕ್ಯಾಥೋಡ್, ಜೋರಾದ ಕದಡುವಿಕೆ. ಪೂರ್ಣ ದಕ್ಷತೆಯಲ್ಲಿ ಒಂದು ಆಂಪಿಯರ್-ಗಂಟೆಗೆ 4.02 ಗ್ರಾಂ ಬೆಳ್ಳಿ. ಲೀಟರಿಗೆ 500 ಮಿ.ಗ್ರಾಂ ಹತ್ತಿರ ಬಂದಾಗ ಕರೆಂಟ್ ಇಳಿಸಿ. ಇಳಿಸದಿದ್ದರೆ ಥಯೋಸಲ್ಫೇಟ್ ಒಡೆದು ಕ್ಯಾಥೋಡಿನ ಮೇಲೆ ಕಪ್ಪು ಸಲ್ಫೈಡ್ ಕೂರುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಕರೆಂಟ್ ಬೇಡವೆಂದರೆ ಸ್ಟೀಲ್ ವುಲ್. ಅದರ ಮೇಲಿನ ಎಣ್ಣೆಯನ್ನು ವಾಷಿಂಗ್ ಸೋಡಾದ ಬಿಸಿನೀರಿನಿಂದ ತೊಳೆದು, ಪಿಎಚ್ 4.5ರಿಂದ 6.5ರ ನಡುವೆ ಬಳಸಬೇಕು. ಅದಕ್ಕಿಂತ ಕೆಳಗೆ ಆಮ್ಲವೇ ಕಬ್ಬಿಣವನ್ನು ತಿನ್ನುತ್ತದೆ, ಮೇಲೆ ಕ್ರಿಯೆ ಕುಂಟುತ್ತದೆ. ಎರಡು ಡಬ್ಬಿಗಳನ್ನು ಸಾಲಾಗಿ ಇಟ್ಟು, ಮೊದಲನೆಯದರಿಂದ ಹೊರಬಂದ ದ್ರಾವಣದಲ್ಲಿ ಉಜ್ಜಿದ ತಾಮ್ರದ ತಂತಿಯನ್ನು ಅರ್ಧ ನಿಮಿಷ ಅದ್ದಿ ನೋಡಿ. ಬೂದು ಲೇಪ ಕಂಡರೆ ಆ ಡಬ್ಬಿ ಮುಗಿದಿದೆ. ಎರಡನೆಯದನ್ನು ಅದರ ಜಾಗಕ್ಕೆ ತಂದು, ಕೊನೆಗೆ ಹೊಸದನ್ನು ಇಡಿ.

ಬೆಳ್ಳಿ ಹೋದರೂ ಥಯೋಸಲ್ಫೇಟ್ ಅಲ್ಲೇ ಇರುತ್ತದೆ. 1 ಗ್ರಾಂ ಥಯೋಸಲ್ಫೇಟ್ ಪೂರ್ತಿ ಸಲ್ಫೇಟ್ ಆಗಲು ನೀರಿನಿಂದ 0.57 ಗ್ರಾಂ ಆಮ್ಲಜನಕ ಎಳೆಯುತ್ತದೆ. ಇದನ್ನು ನಾಲ್ಕರಲ್ಲಿ ಯಾವುದೂ ತೆಗೆಯದು. ಆದ್ದರಿಂದ ಬೆಳ್ಳಿ ಕಳೆದ ಫಿಕ್ಸರನ್ನು ಕೆರೆ, ತೋಟ, ಸೆಪ್ಟಿಕ್ ಟ್ಯಾಂಕಿಗೆ ಬಿಡದೆ ರಾಸಾಯನಿಕ ತ್ಯಾಜ್ಯ ಸಂಗ್ರಹಕ್ಕೇ ಕೊಡಬೇಕು.

ಬಳಸಿ ಮುಗಿದ ವಸ್ತುಗಳಲ್ಲಿ ಕ್ಯಾಥೋಡಿನಿಂದ ಕಿತ್ತ ಬೆಳ್ಳಿ ಮತ್ತು ಟಿಎಂಟಿ ಗಸಿಯನ್ನು ಬೆಳ್ಳಿ ಶುದ್ಧೀಕರಿಸುವವರಿಗೆ ಕೊಡಬಹುದು. ಥಯಾಲ್ ಸಿಲಿಕಾದಿಂದ ಬೆಳ್ಳಿಯನ್ನು ಆಮ್ಲ ಬೆರೆಸಿದ ಥಯೋಯೂರಿಯಾದಿಂದ ಬಿಡಿಸಬಹುದು. ಆ ದ್ರಾವಣ ಮುಟ್ಟಿದ ಪಾತ್ರೆಯನ್ನು ಫಿಲ್ಮ್ ಕೆಲಸಕ್ಕೆ ಮತ್ತೆ ತರಬೇಡಿ, ಥಯೋಯೂರಿಯಾ ಎಮಲ್ಷನ್ನನ್ನು ಮಬ್ಬುಗಟ್ಟಿಸುತ್ತದೆ. ಬಣ್ಣ ಹೀರಿದ ಅಲ್ಯೂಮಿನೋಸಿಲಿಕೇಟ್ ಜೆಲ್ಲನ್ನು ನೀರು ಹಿಂಡಿ, ‘ಬೆಳ್ಳಿಯ ಕುರುಹು ಇದೆ’ ಎಂದು ಚೀಟಿ ಅಂಟಿಸಿ, ಫಿಕ್ಸರಿನ ಕ್ಯಾನ್‌ಗಿಂತ ಬೇರೆ ಡಬ್ಬಿಯಲ್ಲಿಡಿ. ಆಮ್ಲದ ಕ್ಯಾನ್‌ಗೆ ಹಾಕಿದರೆ ಅದು ಕರಗಿ, ಹಿಡಿದದ್ದನ್ನೆಲ್ಲ ಮತ್ತೆ ಬಿಟ್ಟುಬಿಡುತ್ತದೆ.